ಹತ್ತಿ ಜಿನ್ನಿನಲ್ಲಿ ಇಟಲಿ ಕಾರು

ಸಿದ್ದಲಿಂಗನ ಕಾಲುಗಳು ಮಾತ್ರ ಹೊರಗಿದ್ದವು.

ಅಂದು ಅಮಾವಾಸ್ಯೆ. ಗಜೇಂದ್ರಗಡದ ಅವರ ಹತ್ತಿ ಜಿನ್ನಿಗೆ, ಅರಳೆ ಬಿಡಿಸುವ ಕಾರ್ಖಾನೆಗೆ, ರಜೆ. ಸಂಜೆ ಚಹಾಕ್ಕೆ ಕರೆಯಲು ಹೋದ ಡ್ರೈವರ್ ನಿಂಗರಾಜ ಶೆಡ್ಡಿನ ಬಾಗಿಲಲ್ಲೇ ನಿಂತು ಒದರಿದ. ಸಿದ್ದಲಿಂಗ ಕಾರಿನ ಮೂತಿಯನ್ನು ಜ್ಯಾಕಿನ ಮೇಲೆ ಎತ್ತಿ, ಅಂಗಾತ ಮಲಗಿ, ಕೆಳಗೆ ಕೆಲಸ ಮಾಡುತ್ತಿದ್ದ. ಕಾರು ಬಿದ್ದಿತ್ತು. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಗೇಣು ಜಾಗವಿಲ್ಲ.

ಜ್ಯಾಕು ಜಾರಿತು ಎಂದರು. ಪೊಲೀಸರ ಕಾಗದದಲ್ಲೂ ಹಾಗೇ ಬಂತು.

ಹೆಂಡತಿ ಯಶೋಧರಾ ನಂಬಲಿಲ್ಲ. ಅಳಲೂ ಇಲ್ಲ.

ಆರು ತಿಂಗಳಾದ ಮೇಲೆ ಕಾರು ಮಾರಾಟಕ್ಕೆ ಬಂತು. ಸಾಮಾನ್ಯ ಕಾರಲ್ಲ. ಇಟಲಿಯದು. ಯಂತ್ರ ಒಂದು ಕಂಪನಿಯದು, ಮೈ ಇನ್ನೊಂದು ಕಾರ್ಖಾನೆಯದು. ಟುರಿನ್ ಊರಿನ ಕೆಲಸಗಾರರು ಅಲ್ಯುಮಿನಿಯಂ ತಗಡನ್ನು ಕೈಯಿಂದಲೇ ಬಡಿದು ಕೂಡಿಸಿದ ಮೈ. ಎರಡೇ ಬಾಗಿಲು, ಇಳಿಜಾರು ಬೆನ್ನು, ದಾಳಿಂಬೆ ಬಣ್ಣ. ಅಂಥವನ್ನು ಅವರು ಮಾಡಿದ್ದೇ ಬೆರಳೆಣಿಕೆಯಷ್ಟು. ಅದರಲ್ಲೊಂದು ಮುಂಬಯಿಯ ಗಿರಣಿ ಮಾಲೀಕರಿಂದ ಸಿದ್ದಲಿಂಗನ ಅಜ್ಜನಿಗೆ ಬಂದಿತ್ತು. ಅಜ್ಜ ಅದನ್ನು ಕಿರಿಯ ಮೊಮ್ಮಗನ ಹೆಸರಿಗೆ ಮಾಡಿಸಿದ. ಹತ್ತಿಯ ಧೂಳು ತಿನ್ನುತ್ತ ನಿಂತಿದ್ದ ಕಾರಿಗೆ ಸಿದ್ದಲಿಂಗ ಜೀವ ಕೊಟ್ಟ.

ಈಗ ಅದು ಯಶೋಧರಾಳದು. ಅವಳ ಸಹಿ ಇಲ್ಲದೆ ಹೋಗುವಂತಿರಲಿಲ್ಲ. ಮಾರೋಣ ಎಂದು ಸಿದ್ದಲಿಂಗನ ಅಣ್ಣ ತೋಟಪ್ಪ ಹೇಳಿದಾಗ ಅವಳು ಒಪ್ಪಿದಳು. ಒಂದೇ ಷರತ್ತು. ಸಹಿ ಆಗುವುದು ಶೆಡ್ಡಿನಲ್ಲೇ. ಆ ಸಂಜೆ ಅಲ್ಲಿದ್ದವರೆಲ್ಲ ಹಾಜರಿರಬೇಕು.

ಸಹಿಯ ದಿನ ಮಧ್ಯಾಹ್ನ, ಕೊಳ್ಳುವ ಪುಣೆಯವರು ಬಂದು ಕಾರು ಒಯ್ಯುವವರಿದ್ದರು. ಆಮೇಲೆ ಅವರೆಲ್ಲ ಒಂದೆಡೆ ಸೇರುವುದಿಲ್ಲ. ಕೇಳುವವರೂ ಇರುವುದಿಲ್ಲ. ಅದಕ್ಕೇ ಅವಳು ನರಗುಂದಕ್ಕೆ ಫೋನ್ ಮಾಡಿ, ನಿವೃತ್ತ ಪೊಲೀಸ್ ಫೌಜದಾರ ಮೋದಿನಸಾಬರನ್ನು ಕರೆಸಿದ್ದಳು.

ಅವರು ರೋಣದ ಬಸ್ಸಿನಲ್ಲಿ ಬಂದಿಳಿದರು. ಹೆಗಲ ಮೇಲೊಂದು ಟವೆಲು, ಬಾಯಲ್ಲಿ ಅಡಿಕೆ.

"ಯಾರ ಮ್ಯಾಲೆ ಸಂಶೆ, ತಂಗಿ?"

"ಸಂಶೆ ಅಲ್ರಿ. ಖಾತ್ರಿ. ಅಯಾಜ."

"ಹುಬ್ಬಳ್ಳಿ ಬ್ರೋಕರ?"

"ಹೌದ್ರಿ. ಈ ಪುಣೆದವರನ್ನ ಮೊದ್ಲೊಮ್ಮೆ ಕರಕೊಂಡ ಬಂದಾಂವ ಅವನ. ನಮ್ಮವರು ಕೊಡೂದಿಲ್ಲ ಅಂದ್ರು. ಬಸ್‌ಸ್ಟ್ಯಾಂಡಿನಾಗ ಎಲ್ಲಾರ ಎದುರಿಗೆ ಏನಂದ ಗೊತ್ತೇನ್ರಿ? 'ನೀ ಇರೂತನಕ ಈ ಗಾಡಿ ಹೊರಗ ಬರೂದಿಲ್ಲ ಬಿಡು' ಅಂದ. ತಿಂಗಳ ತುಂಬೂದ್ರಾಗ ಅವರು ಹೋದ್ರು. ಗಾಡಿ ಹೊರಗ ಹೊಂಟೈತಿ."

"ಅವನ್ನ ಏನ್ ಮಾಡೂಣು ಅಂತಿ?"

"ಜೇಲಿನಾಗ ಕೊಳೀಬೇಕ್ರಿ. ಲಗೂ ಸಾಯಬಾರದು."

ಮೋದಿನಸಾಬರು ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಅವಳ ದನಿ ಏರಿರಲಿಲ್ಲ. ಕಣ್ಣೂ ಅಲುಗಿರಲಿಲ್ಲ.

ಶೆಡ್ಡಿನಲ್ಲಿ ಕಾರು ನಿಂತಿತ್ತು. ಸಿಮೆಂಟು ನೆಲದ ಮೇಲೆ ನಾಲ್ಕು ಬಿಳಿ ಚೌಕಗಳು. ಸಿದ್ದಲಿಂಗನೇ ಬರೆದವು. ಒಂದೊಂದು ಟೈರೂ ಒಂದೊಂದು ಚೌಕದ ಒಳಗೇ ನಿಲ್ಲಬೇಕೆಂಬುದು ಅವನ ಕಟ್ಟುನಿಟ್ಟು.

ಅಯಾಜ ಹೊರಗೆ ಹತ್ತಿ ಮೂಟೆಯ ಮೇಲೆ ಕೂತಿದ್ದ. ತೆಳ್ಳಗಿನ ಆಳು. ಫೌಜದಾರರನ್ನು ಕಂಡು ಎದ್ದ.

"ಕುಂದ್ರೋ. ಆ ದಿನ ಶೆಡ್ಡಿಗೆ ಬಂದಿದ್ದಿ?"

"ಬಂದಿದ್ದೆರಿ. ನಿಂಗರಾಜ ಒದರಿದ ಮ್ಯಾಲೆ. ಎದುರಿನ ಹೋಟೆಲದಾಗ ಚಾ ಕುಡೀತಿದ್ದೆ."

"ಅಮಾಸಿ ದಿನ ಗಜೇಂದ್ರಗಡದಾಗ ನಿನಗೇನ್ ಕೆಲಸ?"

"ಮತ್ತೊಮ್ಮೆ ಕೇಳಿ ನೋಡೂಣಂತ ಬಂದಿದ್ದೆರಿ. ದಲ್ಲಾಳಿ ಹೊಟ್ಟಿ, ಸಾಹೇಬ್ರ. ನಾಚಿಕಿ ಇದ್ರ ನಡೀತದೇನ್ರಿ?"

"ಹೆಣದ ಫೋಟೋ ಹೊಡದಾಂವ ನೀನ ಅಲ್ಲೇನು?"

ಅಯಾಜ ಯಶೋಧರಾಳ ಕಡೆ ನೋಡಿ ತಲೆ ತಗ್ಗಿಸಿದ. "ಹೌದ್ರಿ. ಗಾಡಿ ಎತ್ತೂಕಿಂತ ಮೊದ್ಲ. ಯಾರೂ ಏನೂ ಮುಟ್ಟಿದ್ದಿಲ್ಲ. ಜಗಳ ಆಡಿದಾಂವ ನಾ, ನಾಳೆ ನನ್ನ ಮ್ಯಾಲೆ ಬರತೈತಿ, ಇದ್ದದ್ದ ಇದ್ದಂಗ ಒಂದು ಪುರಾವೆ ಇರ್ಲಿ ಅಂತ ಹೊಡದೆ. ಆಮ್ಯಾಲೆ ಅಕ್ಕಾರಿಗೂ ಕಳಿಸಿದೆ."

"ಬಂತೇನ ನಿನ್ನ ಮ್ಯಾಲೆ?"

"ಬರಲಾರದ ಇರತೈತೇನ್ರಿ? ಆರು ತಿಂಗಳಾತು, ಈ ಊರಾಗ ನನಗ ಯಾರೂ ಒಂದು ಸೈಕಲ್ಲೂ ತೋರ್ಸಿಲ್ಲ."

ಯಶೋಧರಾ ಫೋನಿನಲ್ಲಿ ಆ ಫೋಟೋ ತೆಗೆದುಕೊಟ್ಟಳು. ಅವಳು ದಿನಾ ನೋಡುವ ಫೋಟೋ. ಮೋದಿನಸಾಬರು ಕನ್ನಡಕ ಹಾಕಿಕೊಂಡು, ಬೆರಳಿನಿಂದ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು. ಅಡ್ಡಬಿದ್ದ ಜ್ಯಾಕು. ಸೊಟ್ಟಗೆ ತಿರುಗಿದ ಕಾರಿನ ಮೂತಿ. ಎರಡು ಕಾಲು. ಟೈರುಗಳ ಬುಡದಲ್ಲಿ ಲಿಂಬೆಹಣ್ಣು.

"ಅಮಾಸಿ ಪೂಜಿ ಆಗಿತ್ತೇನು?"

"ಅಮಾಸಿಗೆ ಊರಾಗಿನ ಎಲ್ಲಾ ಗಾಡಿಗೂ ಆಗತೈತಲ್ರಿ," ಎಂದಳು ಅವಳು.

ನಿಂಗರಾಜನನ್ನು ಕೇಳಿದಾಗ ಅವನಿಗೆ ನಗು ಬಂತು.

"ಲಿಂಬಿಹಣ್ಣ ಏನ್ರಿ? ಅದು ನಮ್ಮ ದೊಡ್ಡ ಸಾವಕಾರ್ರ, ತೋಟಪ್ಪನವರ ಖಾತೆ. ಬ್ಯಾರೆ ಯಾರೂ ಇಡೂಹಂಗಿಲ್ಲ. ಸಣ್ಣ ಸಾವಕಾರ್ರಿಗೆ ಅದರ ಮ್ಯಾಲೆ ನಂಬಿಗೀನ ಇರಲಿಲ್ಲ."

"ದೊಡ್ಡವರಿಗೆ ಭಾಳ ನಂಬಿಗೆ?"

"ಒಮ್ಮೆ ಲಕ್ಕಲಕಟ್ಟಿ ಕಡೆಯಿಂದ ಹತ್ತಿ ಹೇರಕೊಂಡ ಬರೂಮುಂದ ನಮ್ಮ ಲಾರಿ ಕೆಳಗ ನಾಯಿ ಬಿತ್ತರಿ. ಸತ್ತ ಹೋತು. ಸಾವಕಾರ್ರು ಲಾರಿ ಅಲ್ಲೇ ನಿಂದ್ರಿಸಿದ್ರು. ಜೀವಾ ತಗೊಂಡ ಗಾಡಿ, ಲಿಂಬಿಹಣ್ಣ ಇಡಲಾರದ ಒಂದ ಹೆಜ್ಜಿ ಮುಂದ ಹಾಕಬಾರದು ಅಂದ್ರು. ಆ ಬಿಸಲಾಗ ಊರಿಗೆ ನಡಕೊಂಡ ಹೋಗಿ ನಾ ಲಿಂಬಿಹಣ್ಣ ತಂದೀನ್ರಿ. ನಾಯಿ ಸತ್ತದ್ದು ಲಗೂ, ನಾ ಸತ್ತದ್ದು ನಿಧಾನಕ್ಕ."

"ಆ ಸಂಜಿ ಬಾಗಲಾ ತಗದಾಂವ ನೀನ?"

"ಬರೇ ಮುಂದ ಮಾಡಿತ್ತರಿ, ಕೀಲಿ ಹಾಕಿದ್ದಿಲ್ಲ. ದೂಡಿದೆ, ನೋಡಿದೆ, ಒದರಿದೆ. ಒಳಗ ಕಾಲಿಡಲಿಲ್ಲ. ಎಲ್ಲಾರೂ ಓಡಿ ಬಂದ್ರು. ಅಯಾಜ ಫೋಟೋ ಹೊಡದ. ಆಮ್ಯಾಲೆ ಎಲ್ಲಾರೂ ಕೂಡಿ ಗಾಡಿ ಎತ್ತಿದ್ವಿ."

ತೋಟಪ್ಪ ಕಾರಿನ ಮಗ್ಗುಲಲ್ಲಿದ್ದ. ಮೆತ್ತನೆಯ ಬಟ್ಟೆಯಿಂದ ಬಾಗಿಲು ಒರೆಸುತ್ತಿದ್ದ. ತುಂಬಿದ ಮೈ, ಹಣೆಯ ಮೇಲೆ ವಿಭೂತಿ. ತಮ್ಮನ ಕ್ರಿಯಾಕರ್ಮವನ್ನೆಲ್ಲ ನಿಂತು ಮಾಡಿಸಿದವನು. ಯಶೋಧರಾಳಿಗೆ ಒಂದು ದಿನವೂ ಬಿರುಸು ಮಾತಾಡದವನು.

"ಬರ್ರಿ ಫೌಜದಾರ ಸಾಹೇಬ್ರ. ನಮ್ಮ ತಂಗಿ ಮನಸಿಗೆ ಸಮಾಧಾನ ಆಗ್ಲಿ, ಏನ್ ಕೇಳಬೇಕೋ ಕೇಳ್ರಿ."

"ಚಲೋ ಒರಸ್ತೀರಿ."

"ಸಣ್ಣಾಂವ ಇದ್ದಾಗಿಂದ ಒರಸೀನ್ರಿ. ಅಜ್ಜ ಒರಸಾಕ ಬಿಡತಿದ್ದ. ಕುಂದ್ರಾಕ ಬಿಡತಿದ್ದಿಲ್ಲ."

"ಮತ್ತ ಸಿದ್ದಲಿಂಗನ ಹೆಸರಿಗೆ ಮಾಡಿದ?"

ಬಟ್ಟೆ ಒಂದು ಕ್ಷಣ ನಿಂತಿತು. "ಹಿರಿಯಾರ ಮನಸು."

"ಆ ಅಮಾಸಿ ಪೂಜಿ ನೀವ ಮಾಡಿದ್ರೇನು?"

"ಮತ್ಯಾರ ಮಾಡ್ತಾರ್ರಿ? ಮುಂಜಾನೆ ಎದ್ದು ಎಲ್ಲಾ ಗಾಡಿದೂ ಮಾಡಿದೆ. ಇದರದೂ ಮಾಡಿದೆ."

"ಆವಾಗ ಗಾಡಿ ಜ್ಯಾಕಿನ ಮ್ಯಾಲೆ ಇತ್ತು?"

"ಇಲ್ರಿ. ನೆಲದ ಮ್ಯಾಲೆ, ಚೌಕಿನಾಗ ಸರಿಯಾಗಿ ನಿಂತಿತ್ತು. ಸಿದ್ದು ಎತ್ತಿದ್ದು ಊಟ ಆದ ಮ್ಯಾಲೆ."

"ಪೂಜಿ ಆದ ಮ್ಯಾಲೆ ನೀವು ಶೆಡ್ಡಿಗೆ ಬಂದ್ರೇನು?"

"ನಾ ಯಾಕ ಬರ್ಲಿ? ನಿಂಗ್ಯಾ ಒದರಿದ ಮ್ಯಾಲೆ ಎಲ್ಲಾರ ಜೋಡಿ ಬಂದೆ."

"ಫೋಟೋದಾಗಿನ ಲಿಂಬಿಹಣ್ಣ ಮತ್ತ ಯಾರರ ಇಟ್ಟಿರಬಹುದೇನ್ರಿ?"

ತೋಟಪ್ಪ ನಕ್ಕ. "ನಾ ಇಟ್ಟದ್ದನ್ನ ಈ ಮನ್ಯಾಗ ಯಾರೂ ಮುಟ್ಟೂದಿಲ್ರಿ."

ಮೋದಿನಸಾಬರು ಹೊರಗೆ ಹೋಗಿ ಒಂದು ಫೋನು ಮಾಡಿ ಬಂದರು.

ಪುಣೆಯವರು ಬಂದರು. ಗಂಡ, ಹೆಂಡತಿ, ಜೊತೆಗೊಬ್ಬ ಕಾರಿನ ತಜ್ಞ. ತಜ್ಞ ಬಾನೆಟ್ಟಿನ ಅಡಿ ತಲೆ ಹಾಕಿ ಮೆಚ್ಚುಗೆಯಿಂದ ಗುನುಗಿದ. ಅವರ ಹಿಂದೆಯೇ ಠಾಣೆಯ ಜೀಪು ಬಂದು ನಿಂತಿತು. ಯುವ ಫೌಜದಾರ ಇಳಿದು ಬಾಗಿಲಲ್ಲಿ ನಿಂತ.

ತೋಟಪ್ಪ ಕಾಗದ ಮುಂದೆ ಮಾಡಿದ. "ಸಹಿ ಮಾಡವ್ವಾ ಯಶೋಧಾ."

ಯಶೋಧರಾ ಮೋದಿನಸಾಬರ ಮುಖ ನೋಡಿದಳು. ಅವಳ ಒಂದು ಕೈ ಅಯಾಜನತ್ತ ತೋರಿಸಲು ಆಗಲೇ ಅರ್ಧ ಎದ್ದಿತ್ತು.

"ಕೈ ಇಳಸು ತಂಗಿ," ಎಂದರು ಮೋದಿನಸಾಬರು. "ಆ ಕಡೆ ಅಲ್ಲ."

ಫೋನನ್ನು ಅವಳಿಗೇ ಕೊಟ್ಟರು. "ಈ ಫೋಟೋ ದಿನಾ ನೋಡ್ತಿದ್ದಿ. ಏನ್ ನೋಡ್ತಿದ್ದಿ?"

"ಅವರ ಕಾಲು."

"ಈಗ ಟೈರು ನೋಡು. ಮುಂದಿನ ಬಲಗಡೆದು. ಎಲ್ಲೈತಿ?"

"ಚೌಕಿನ ಹೊರಗ. ಬಿದ್ದಾಗ ಮೂತಿ ಪಕ್ಕಕ್ಕ ಸರದೈತಿ."

"ಎಷ್ಟು ಸರದೈತಿ?"

"ಮೊಳದಷ್ಟು."

"ಲಿಂಬಿಹಣ್ಣ ಎಲ್ಲೈತಿ?"

ಅವಳು ನೋಡಿದಳು. ಫೋನನ್ನು ಇನ್ನೂ ಹತ್ತಿರ ಹಿಡಿದಳು.

"ನಾ ಹೇಳ್ತೀನಿ. ಅದೂ ಚೌಕಿನ ಹೊರಗ. ಟೈರಿನ ಬುಡಕ್ಕ ಒತ್ತಿ, ನೆಟ್ಟಗ ಕುಂತೈತಿ. ಎಡಗಡೆದೂ ಹಂಗ. ಒಂದೂ ಒಡದಿಲ್ಲ. ಸಾವಕಾರ್ರು ಮುಂಜಾನೆ ಇಟ್ಟಿದ್ರ, ಆವಾಗ ಟೈರು ಚೌಕಿನಾಗಿತ್ತು. ಹಣ್ಣೂ ಅಲ್ಲೇ ಇರಬೇಕು, ಇಲ್ಲಾಂದ್ರ ಅಪ್ಪಚ್ಚಿ ಆಗಿರಬೇಕು. ಗಾಡಿ ಸರದ ಕೂಡ್ಲೇ ಹಣ್ಣೂ ಎದ್ದು ಹಿಂದಿಂದ ನಡದು ಹೋತೇನ್ರಿ, ತೋಟಪ್ಪನವರ?"

ತೋಟಪ್ಪ ಒರೆಸುವ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡ.

"ಜ್ಯಾಕಿನ ಮ್ಯಾಲೆ ತೂಗ್ಯಾಡೂ ಟೈರಿಗೆ ಯಾರೂ ಹಣ್ಣ ಇಡೂದಿಲ್ಲ. ಅಂದ್ರ ಗಾಡಿ ಬಿದ್ದ ಮ್ಯಾಲೆ ಇಟ್ಟದ್ದು. ನಿಂಗರಾಜ ಬಾಗಲಾ ದೂಡೂಕಿಂತ ಮೊದ್ಲ ಇಟ್ಟದ್ದು. ಕೆಳಗ ಮನಷ್ಯಾ ಇದ್ದಾನ ಅಂತ ಕಂಡು ಇಟ್ಟದ್ದು. ಯಾರು? ಸಿದ್ದಲಿಂಗ ಎದ್ದು ಬಂದನೇನು? ನೀವ ಹೇಳೀರಿ, ನಾ ಇಟ್ಟದ್ದನ್ನ ಯಾರೂ ಮುಟ್ಟೂದಿಲ್ಲ ಅಂತ."

"ಅಮಾಸಿ ಪೂಜಿ—"

"ಅಮಾಸಿ ಪೂಜಿ ಅಂತ ಎಲ್ಲಾರೂ ಹಂಗ ದಾಟಿ ಹೋದ್ರು. ಅದು ಪೂಜಿ ಅಲ್ರಿ. ಜೀವಾ ತಗೊಂಡ ಗಾಡಿ, ಲಿಂಬಿಹಣ್ಣ ಇಡಲಾರದ ಅಲಗಾಡಬಾರದು. ನಾಯಿ ಸತ್ತಾಗ ಮಾಡಿದ್ರಿ. ತಮ್ಮ ಸತ್ತಾಗೂ ಮಾಡಿದ್ರಿ. ಇನ್ನೇನು ಮಂದಿ ಬಂದು ಗಾಡಿ ಎತ್ತತಾರ, ಅಷ್ಟರಾಗ ಅದರ ದೋಷ ಕಳೀಬೇಕು ಅಂತ ಮುಂಜಾನಿ ಹಣ್ಣ ತಗದ ಒಗದು, ಓಡಿ ಹೋಗಿ ಹೊಸಾ ಹಣ್ಣ ತಂದ್ರಿ. ತಮ್ಮನ ಬಾಯಿಗೆ ಒಂದ ಗುಟಕ ನೀರ ಬಿಟ್ರೇನು?"

ತೋಟಪ್ಪನ ಕೈಯಲ್ಲಿದ್ದ ಒರೆಸುವ ಬಟ್ಟೆ ಮುದ್ದೆಯಾಗಿತ್ತು.

"ಅವನೂ ಕುಂದ್ರಾಕ ಬಿಡಲಿಲ್ಲ," ಎಂದ ಕೊನೆಗೆ. ಕಾರಿಗೆ ಹೇಳುವಂತೆ ಹೇಳಿದ. "ಇಷ್ಟ ವರ್ಷ ಒರಸೀನಿ. ಒಂದ ಸಲ, ಗುಡ್ಡದ ಬುಡದತನಕ ಹೊಡೀತೀನಿ, ಕೀಲಿ ಕೊಡೋ ಅಂದೆ. ಕೆಳಗ ಮಕ್ಕೊಂಡ ನಕ್ಕ. 'ನಿನಗ ಇದು ಬರೂದಿಲ್ಲಣ್ಣ, ನೀ ಒರಸು' ಅಂದ. ಜ್ಯಾಕು ನನ್ನ ಕಾಲ ಹತ್ತಿರನ ಇತ್ತು. ಒದ್ದೆ."

"ನಕ್ಕಿದ್ದಕ್ಕ?" ಎಂದಳು ಯಶೋಧರಾ.

"ಅಜ್ಜನೂ ಹಿಂಗ ನಗತಿದ್ದ."

"ಜೀವಾ ಲಗೂ ಹೋತೇನ್ರಿ ಬಾವಾರ?"

ತೋಟಪ್ಪ ಮುಖ ತಿರುಗಿಸಿದ. ಅವಳಿಗೆ ಉತ್ತರ ಸಿಕ್ಕಿತು.

ಅಯಾಜ ಗೋಡೆಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದ. ಅವನ ಕಡೆ ಅವಳು ನೋಡಲಿಲ್ಲ. ನೋಡಲಾಗಲಿಲ್ಲ.

ಯುವ ಫೌಜದಾರ ತೋಟಪ್ಪನ ತೋಳು ಹಿಡಿದ. ಪುಣೆಯ ತಜ್ಞ ಮೆಲ್ಲಗೆ ಕೇಳಿದ, "ಮತ್ತೆ ಗಾಡಿ?"

"ಗಾಡಿ ಈಗ ಮುದ್ದೇಮಾಲು, ಕೇಸಿನ ಪುರಾವೆ," ಎಂದ ಯುವ ಫೌಜದಾರ. "ಠಾಣಾದ ಅಂಗಳಕ್ಕ ಹೋಗತೈತಿ."

"ಅಂಗಳಕ್ಕ?" ಅದುವರೆಗೆ ಸುಮ್ಮನೆ ಹೆಜ್ಜೆ ಹಾಕುತ್ತಿದ್ದ ತೋಟಪ್ಪ ನಿಂತುಬಿಟ್ಟ. "ಬಿಸಲಾಗ? ಜಪ್ತಿ ಮಾಡಿದ ಮರಳಿನ ಟ್ರ್ಯಾಕ್ಟರ್ ಸಾಲಿನಾಗ? ಬ್ಯಾಡ್ರಿ ಸಾಹೇಬ್ರ, ಕೈಲೆ ಬಡದ ತಗಡ ಐತಿ, ಮಂದಿ ಮೊಣಕೈ ಊರಿದ್ರೂ ತಗ್ಗ ಬೀಳತೈತಿ. ಬಣ್ಣ ಸುಟ್ಟ ಹೊಕ್ಕೈತಿ. ನನ್ನ ಒಯ್ರಿ. ಅದನ್ನ ಬಿಡ್ರಿ."

ಫೌಜದಾರ ಯಶೋಧರಾಳತ್ತ ತಿರುಗಿದ. "ಅಕ್ಕಾರ, ಮಾಲಕರು ನೀವು. ಕೋರ್ಟಿನಾಗ ಕೇಳಿದ್ರ ನಿಮ್ಮ ತಾಬೇಕ್ಕ ಕೊಡತಾರ. ನೆಳ್ಳಾಗ ಇಟಗೋಬಹುದು."

"ಕೇಳೂದಿಲ್ಲ."

"ಯಶೋಧಾ!" ತೋಟಪ್ಪನ ದನಿ ಒಡೆಯಿತು. "ನಿನ್ನ ಗಂಡನ ಕೈಕೆಲಸ ಐತೆವ್ವಾ ಅದು!"

"ಗೊತ್ತೈತ್ರಿ."

ಸಹಿಯ ಕಾಗದವನ್ನು ಅವಳು ಪುಣೆಯವರಿಗೆ ಹಿಂದಿರುಗಿಸಿದಳು. ನಿಂಗರಾಜ ಟ್ರ್ಯಾಕ್ಟರ್ ತಂದು ಹಗ್ಗ ಬಿಗಿದ. ಬಾಗಿಲ ಚೌಕಟ್ಟಿಗೆ ಕಾರಿನ ಮಗ್ಗುಲು ಉಜ್ಜಿ ಕೀರಲು ಸದ್ದಾಯಿತು. ಜೀಪಿನೊಳಗೆ ತೋಟಪ್ಪ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ.

ಯಶೋಧರಾ ಜೀಪಿನ ಬಳಿಗೆ ಹೋದಳು.

"ಸಾಹೇಬ್ರ, ಲಾಕಪ್ಪಿನ ಕಿಟಕಿ ಯಾವ ಕಡೆ ಐತ್ರಿ?"

"ಅಂಗಳದ ಕಡೆ. ಯಾಕ್ರಿ?"

"ಗಾಡಿ ಅದರ ಎದುರಿಗೆ ನಿಂದ್ರಸ್ರಿ," ಎಂದಳು. "ದಿನಾ ಪೂರಾ ಕಾಣೂಹಂಗ."