‘ಬರ್ತೇನೆ’ ಅನ್ನಬಾರದ ಛತ್ರ

“ಹೊರಡುವಾಗ ಬರ್ತೇನೆ ಅಂತ ಮಾತ್ರ ಹೇಳ್ಬೇಡಿ ಮಾರಾಯ್ರೇ. ಹೋಗ್ತೇನೆ ಅನ್ನಿ. ಇಲ್ಲಾಂದ್ರೆ ಏನೂ ಹೇಳ್ದೆ ಹೊಸ್ತಿಲು ದಾಟಿ,” ಎಂದರು ವನಮಾಲಾ, ಎಲೆಯ ಮೇಲಿನ ಅನ್ನಕ್ಕೆ ತುಪ್ಪ ಬಡಿಸುತ್ತಾ.

ಶಶಿಕಿರಣನಿಗೆ ನಗು ತಡೆಯಲಾಗಲಿಲ್ಲ. ಮೈಸೂರಿನ ಪತ್ರಿಕೆಯೊಂದಕ್ಕೆ ಹಳೆಯ ಕಟ್ಟಡಗಳ ಬಗ್ಗೆ ಬರೆಯುವುದು ಅವನ ಕೆಲಸ. ಎರಡು ಸಾವಿರದ ಏಳರ ಹೊತ್ತಿಗೆ ಎಲ್ಲ ಕಡೆಯೂ ಒಂದೇ ಹುಚ್ಚು: ಬೀಳುವಂತಿದ್ದ ಕಟ್ಟಡಕ್ಕೆ ಸುಣ್ಣ ಬಳಿ, ಮುಂದೆ ಹೋಟೆಲು ಇಡು, ಹಿಂದಿನ ಕೋಣೆಯಲ್ಲಿ ಬುಟ್ಟಿ, ಗೊಂಬೆ ಮಾರು. ಜೊತೆಗೆ ದೆವ್ವದ ಕತೆಯೊಂದು ಪುಕ್ಕಟೆ. ಅಂಥ ದೆವ್ವಗಳನ್ನು ಅವನು ಬೇಕಾದಷ್ಟು ನೋಡಿದ್ದ, ಎಂದರೆ ಒಂದನ್ನೂ ನೋಡಿರಲಿಲ್ಲ.

ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯ ಈ ಛತ್ರ, ಶಾರದಮ್ಮನ ದರ್ಶನಕ್ಕೆ ನಡೆದು ಹೋಗುವವರಿಗೆ ಹಿಂದೆ ಅನ್ನ ಹಾಕುತ್ತಿತ್ತಂತೆ. ನಡೆಸುತ್ತಿದ್ದವರು ವನಮಾಲಾ ಅವರ ಗಂಡನ ಮನೆಯವರು. ಈಗ ವನಮಾಲಾ ಹೊಗೆ ಹಿಡಿದ ಕಂಬಗಳನ್ನು ತಿಕ್ಕಿಸಿ ಪಡಸಾಲೆಯನ್ನು ಹೋಟೆಲು ಮಾಡಿದ್ದರು. ಉಗ್ರಾಣದಲ್ಲಿ ಬೆತ್ತದ ಬುಟ್ಟಿ, ಮರದ ಸೌಟು, ಅಡಿಕೆ ಹಾಳೆಯ ಟೊಪ್ಪಿ ಮಾರಾಟಕ್ಕಿದ್ದವು. ಎಲ್ಲದಕ್ಕೂ ಹೊಸ ವಾರ್ನಿಷಿನ ವಾಸನೆ. ಅದರ ಅಡಿಯಲ್ಲಿ, ಎಷ್ಟು ತೊಳೆದರೂ ಹೋಗದೆ, ತಳ ಹಿಡಿದ ಅನ್ನದ ವಾಸನೆ ಇತ್ತು.

“ಬರ್ತೀನಿ ಅಂದರೆ ಏನಾಗುತ್ತಂತೆ?” ಎಂದು ಕೇಳಿದ.

ವನಮಾಲಾ ದನಿ ತಗ್ಗಿಸಿದರು. “ಹಿಂದೆ ಇಲ್ಲಿ ಅಡುಗೆಗೆ ರಾಧಮ್ಮ ಅಂತ ಇದ್ರಂತೆ. ಗಂಡ ಕಿಗ್ಗಕ್ಕೆ ಹೋಗಿ ಬರ್ತೇನೆ ಅಂದವ ಬರ್ಲೇ ಇಲ್ಲ. ದಿನಾ ಎಲೆ ಹಾಕಿ ಕಾದ್ರು. ಕಡೆಗೆ ಯಾರನ್ನೋ ಕರೆಸಿ ಹೊಸ್ತಿಲಡಿಗೆ ಮಾಟ ಹೂಳ್ಸಿದ್ರು. ಇಲ್ಲಿ ಬರ್ತೇನೆ ಅಂದವ್ರು ಬರ್ಲೇಬೇಕು, ಹಾಗೆ.”

“ಗಂಡ ಬಂದನಾ?”

“ಬಂದ.” ಅವರು ತುಪ್ಪದ ಗಿಂಡಿ ಕೆಳಗಿಟ್ಟರು. “ಅವ ಸತ್ತು ವರ್ಷ ಆಗಿತ್ತು. ಆಮೇಲೆ ಬಂದವ್ರೂ ಅಷ್ಟೇ. ಆ ಎಲೆಯಲ್ಲಿ ಒಂದು ತುತ್ತು ತಿಂದವ್ರು ಮತ್ತೆ ಎದ್ದದ್ದಿಲ್ಲ. ಕಟ್ಟಡ ರಿಪೇರಿ ಮಾಡಿದ್ವಿ, ಆ ಹೊಸ್ತಿಲು ಮುಟ್ಲಿಕ್ಕೆ ಮಾತ್ರ ಯಾವ ಆಚಾರಿಯೂ ಒಪ್ಲಿಲ್ಲ.”

ಊಟ ಸೊಗಸಾಗಿತ್ತು. ಹೆಂಡತಿ ಮಹಿಮಾಳಿಗೆಂದು ಒಂದು ಬುಟ್ಟಿ ಕೊಂಡ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೊಪ್ಪದಲ್ಲಿ ತನ್ನ ಅಕ್ಕ ಶ್ರೀರಂಜನಿಯ ಮನೆಯಲ್ಲಿ ಉಳಿದಿದ್ದ ಅವಳು, ದೀಪ ಹಚ್ಚುವುದರೊಳಗೆ ಬಂದುಬಿಡಿ ಎಂದಿದ್ದಳು.

ಹೊಸ್ತಿಲ ಮೇಲೆ ಕಾಲಿಟ್ಟು ತಿರುಗಿದ. ಹೋಗ್ತೀನಿ ಎಂದಿದ್ದಕ್ಕೆ ಚಿಕ್ಕಂದಿನಲ್ಲಿ ಅಮ್ಮ ಬಾಯಿಗೆ ಹೊಡೆದದ್ದು ನೆನಪಿತ್ತು. ಊರೆಲ್ಲ ಅಪಶಕುನ ಅನ್ನುವ ಮಾತೇ ಇಲ್ಲಿ ಮದ್ದು!

“ಇಂಥ ಊಟ ಹಾಕಿದವರಿಗೆ ಹೋಗ್ತೀನಿ ಅನ್ನೋದೇ? ಬರ್ತೀನಿ ಮೇಡಂ. ನಮ್ಮ ಮೈಸೂರು ಕನ್ನಡ ನಿಮ್ಮ ರಾಧಮ್ಮನಿಗೆ ಅರ್ಥವಾಗುತ್ತೋ ಇಲ್ಲವೋ.”

ವನಮಾಲಾ ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಳಗೆ ಅಡುಗೆಮನೆಯಲ್ಲಿ ಯಾರೋ ಪಾತ್ರೆಯ ತಳವನ್ನು ಕರಕರನೆ ಕೆರೆದರು. ಅಡುಗೆಯವರು ಆಗಲೇ ಮನೆಗೆ ಹೋಗಿದ್ದರು.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ ಕಾಫಿ ಕೇಳಿದ. ಲೋಟ ಬಾಯಿಗೆ ತಂದರೆ ಸೀದ ಅನ್ನದ ವಾಸನೆ. ಚೆಲ್ಲಿ ಇನ್ನೊಂದು ಕೇಳಿದ. ಅದರಲ್ಲೂ ಅದೇ. ಹೊಟ್ಟೆ ತುಂಬ ಉಂಡು ಬಂದವನಿಗೆ ಕರುಳು ಹಿಂಡುವಂಥ ಹಸಿವು ಶುರುವಾಯಿತು. ಮಹಿಮಾ ಇದ್ದ ಮನೆ ಮುಂದಿನ ತಿರುವಿನಲ್ಲೇ ಇತ್ತು. ಕಾರು ಹತ್ತಿ ಆ ಕಡೆ ಹೊರಟ.

ಸ್ಟೇರಿಂಗು ಶೃಂಗೇರಿಯ ಕಡೆಗೆ ತಿರುಗಿತು.

ಕೈ ಅವನದೇ. ತಿರುಗಿಸಿದವನು ಅವನಲ್ಲ. ಬಿಡಿಸಿಕೊಳ್ಳಲು ನೋಡಿದ. ಬೆರಳು ಬಿಚ್ಚಲಿಲ್ಲ. ಬ್ರೇಕು ತುಳಿಯಲು ನೋಡಿದ. ಕಾಲು ಮಾತು ಕೇಳಲಿಲ್ಲ. ಕಿಟಕಿಯಿಂದ ಕೂಗಿಕೊಂಡ. ದಾರಿಬದಿಯ ಜನ, ಗುರುತಿನವನಿರಬೇಕು ಎಂದು ಕೈ ಬೀಸಿದರು.

ಛತ್ರಕ್ಕೆ ಬಂದಾಗ ಹೊತ್ತು ಮುಳುಗುತ್ತಿತ್ತು. ವನಮಾಲಾ ಅಂಗಡಿ ಮುಚ್ಚಿ ಹೋಗಿದ್ದರು. ಬಾಗಿಲು ಮಾತ್ರ ತೆರೆದಿತ್ತು. ವಾರ್ನಿಷಿನ ವಾಸನೆ ಎಲ್ಲೂ ಇರಲಿಲ್ಲ. ಕತ್ತಲ ಪಡಸಾಲೆಯ ನಡುವೆ ಒಂದೇ ಒಂದು ಎಲೆ. ಅದರ ಮೇಲೆ ಈಗಷ್ಟೇ ಚಿಮುಕಿಸಿದ ನೀರು.

“ಬಂದ್ಯಾ? ಕೂತ್ಕೋ.”

ದನಿ ಕಂಬದ ಹಿಂದಿನಿಂದ ಬಂತು. ಬೈಗುಳವಿರಲಿಲ್ಲ, ಕೋಪವೂ ಇರಲಿಲ್ಲ. ತಡವಾಗಿ ಬಂದ ಗಂಡನಿಗೆ ಹೆಂಡತಿ ಹೇಳುವ ಮಾತಿನ ಹಾಗಿತ್ತು. ಅದಕ್ಕೇ ಅವನ ಎದೆ ಒಡೆಯುವಷ್ಟು ಭಯವಾಯಿತು. ಕಾಲು ಮಡಚಿತು. ಕೂತ. ಬಳೆಯ ಸದ್ದಾಯಿತು. ಎಲೆಯ ಮೇಲೆ ಅನ್ನ ಬಿತ್ತು. ಕಪ್ಪಗೆ, ಹೊಗೆಯಾಡುವ ಅನ್ನ. ಬಲಗೈ ತಾನಾಗಿ ಕಲಸಿತು. ತುತ್ತು ಕಟ್ಟಿತು. ಮೇಲೆ ಬಂತು. ತುಟಿಗೆ ಬಿಸಿ ತಾಗಿತು.

ಜೇಬಿನಲ್ಲಿ ಮೊಬೈಲು ಕಿರುಚಿತು. ಎಡಗೈ ಮಾತ್ರ ಈಗ ಅವನದಾಗಿತ್ತು. ತಡಕಾಡಿ ಗುಂಡಿ ಒತ್ತಿದ.

“ಎಲ್ಲಿದ್ದೀರಿ? ಕತ್ತಲಾಯ್ತು.” ಆ ಮೌನದಲ್ಲಿ ಮಹಿಮಾಳ ದನಿ ಪಡಸಾಲೆಯ ತುಂಬ ಕೇಳಿಸಿತು.

“ಛತ್ರದಲ್ಲಿ... ಸಿಕ್ಕಿಹಾಕಿಕೊಂಡಿದ್ದೀನಿ... ಮಹಿಮಾ...”

“ಕಾರು ಕೈ ಕೊಡ್ತಾ? ಎಂತ ಹೆದ್ರಿಕೊಂಡ ಹಾಗೆ ಮಾತಾಡ್ತೀರಿ? ಅಲ್ಲೇ ಇರಿ. ಅಕ್ಕನ ಸ್ಕೂಟಿ ಇದೆ, ನಾನೇ ಬರ್ತೇನೆ.”

ಬಳೆಯ ಸದ್ದು ನಿಂತಿತು. ತುತ್ತು ಎಲೆಗೆ ಬಿತ್ತು.

“ಇರೋದು ಒಂದೇ ಎಲೆ,” ಎಂದಿತು ಕತ್ತಲು. “ಅವಳಿಗಾಯ್ತು. ನೀನು ಹೋಗು.”

ಕೈಕಾಲು ಸಡಿಲವಾದವು. ಫೋನು ಇನ್ನೂ ಕಿವಿಯ ಬಳಿಯೇ ಇತ್ತು, ಕರೆ ಕಡಿದಿರಲಿಲ್ಲ. ಬರಬೇಡ ಎನ್ನಲು, ಅವಳ ಬದಲು ತುತ್ತನ್ನು ತಾನೇ ಮತ್ತೆ ಎತ್ತಿಕೊಳ್ಳಲು, ಒಂದು ಉಸಿರಿನಷ್ಟು ಸಮಯವಿತ್ತು. ಆ ಉಸಿರಿನಲ್ಲಿ ಶಶಿಕಿರಣ ಎದ್ದು ಓಡಿದ.

ಕಾರು ಒಂದಷ್ಟು ದೂರ ಬಂದ ಮೇಲೆ ನಾಚಿಕೆ ಉಕ್ಕಿ ಬಂತು. ಅಳುತ್ತಾ ಅವಳ ನಂಬರು ಒತ್ತಿದ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಒತ್ತಿದ. ಎದುರಿನ ತಿರುವಿನಲ್ಲಿ ಒಂಟಿ ದೀಪ ಕಂಡಿತು. ಅಕ್ಕನ ಸ್ಕೂಟಿ. ಹಾರ್ನ್ ಬಾರಿಸಿದ. ಕಿಟಕಿಯಿಂದ ತಲೆ ಹೊರಹಾಕಿ ಹೆಸರು ಹಿಡಿದು ಕೂಗಿದ. ಮಹಿಮಾ ತಿರುಗಲಿಲ್ಲ. ಅವಳ ಕಣ್ಣು ದಾರಿಯ ಮೇಲೆ ನೆಟ್ಟಿತ್ತು. ಬಾಯಿ ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು, ಏನನ್ನೋ ಅಗಿಯುತ್ತಿರುವ ಹಾಗೆ. ಸೀದ ಅನ್ನದ ವಾಸನೆ ಕಾರಿನೊಳಗೆ ನುಗ್ಗಿ ಹಾದುಹೋಯಿತು.

ಹಿಂದಕ್ಕೆ ತಿರುಗಿಸಲು ಸ್ಟೇರಿಂಗು ಎಳೆದ. ತಿರುಗಲಿಲ್ಲ. ಬೆರಳು ಮತ್ತೆ ಬಿಗಿದುಕೊಂಡಿದ್ದವು.

ಕೊಪ್ಪದಲ್ಲಿ ಶ್ರೀರಂಜನಿ ಗೇಟಿನ ಬಳಿಯೇ ನಿಂತಿದ್ದಳು. ಕಾರು ಕಂಡು ರಸ್ತೆಗೆ ಬಂದಳು.

“ಮಹಿಮಾ ಸಿಕ್ಕಿದ್ಲಾ? ಈಗ ಬರ್ತೇನೆ ಅಂತ ಹೇಳಿ ಹೋದ್ಲು!”

ಅವನು ಬ್ರೇಕು ತುಳಿಯಲು ನೋಡಿದ. ಕಾಲು ಅಲ್ಲಾಡಲಿಲ್ಲ. ಛತ್ರದಲ್ಲಿ ಹೋಗು ಎಂದವಳು ಎಲ್ಲಿಗೆ ಎಂದು ಹೇಳಿರಲಿಲ್ಲ. ಕಾರು ಅಕ್ಕನ ಮನೆ ದಾಟಿತು, ಬಸ್ ಸ್ಟ್ಯಾಂಡ್ ದಾಟಿತು, ನರಸಿಂಹರಾಜಪುರದ ದಾರಿ ಹಿಡಿಯಿತು.