ಗೋಡೆಯಾಚೆಯ ಬೀದಿ

"ಎಲ್ಲೀವರೆಗೆ ಬಂದಿತ್ತು ನೀರು?"

ಬಾಗಿಲಲ್ಲಿ ನಿಂತಿದ್ದ ಎಂಜಿನಿಯರ್‌ನ ಬೂಟಿನ ತುಂಬ ಕೆಸರು, ಕೈಯಲ್ಲಿ ಅಳತೆ ಟೇಪು. ಊರಿಗೆ ನೆರೆ ತಡೆಗೋಡೆ ಕಟ್ಟಬೇಕೆಂದು ಹಳೆಯ ನೆರೆಯ ಮಟ್ಟ ಕೇಳುತ್ತ ಬಂದಿದ್ದ. ನದಿಗೆ ಅಂಟಿಕೊಂಡ ಆ ಬೀದಿಯ ಉಳಿದ ಹದಿನೇಳು ಮನೆಯವರೂ ತಮ್ಮ ಮೊಣಕಾಲು ತೋರಿಸಿದ್ದರು.

ಹೊಲಿಗೆಯವಳು ಮಿಷನ್ ನಿಲ್ಲಿಸಿ ನಕ್ಕಳು. "ನಿಜ ಹೇಳಿದ್ರೆ ಈ ಬೀದಿಗೆ ಬಾಡಿಗೆಗೆ ಯಾರು ಬರ್ತಾರೆ, ಹೆಣ್ಣು ಯಾರು ಕೊಡ್ತಾರೆ? ಅದಕ್ಕೇ ಎಲ್ಲರಿಗೂ ಮೊಣಕಾಲು."

"ನಿಮ್ಮದು?"

ನಗು ನಿಂತಿತು. ಅವಳು ಬಟ್ಟೆಯ ಕಪಾಟನ್ನು ಪಕ್ಕಕ್ಕೆ ತಳ್ಳಿದಳು. ಗೋಡೆಯ ಮೇಲೆ, ಅವಳ ತಲೆಗಿಂತ ಒಂದು ಗೇಣು ಎತ್ತರದಲ್ಲಿ, ಮೊಳೆಯಿಂದ ಗೀಚಿದ ಗೆರೆಯಿತ್ತು.

"ಹದಿನಾರು ವರ್ಷ ಆಯ್ತು. ಅಪ್ಪ ಎಳೆದದ್ದು. ಅವತ್ತೇ ಅಮ್ಮ ಹೋಗಿದ್ದು."

ಅವನು ಅಳೆಯಲಿಲ್ಲ. ಟೇಪು ಜೇಬಿಗೆ ಹಾಕಿಕೊಂಡು, "ನಾಳೆ ಬರ್ತೀನಿ" ಎಂದ.

ಮರುದಿನ ಬಂದು ಅಳೆದ. ಅದರ ಮರುದಿನ ಅಂಗಿಯ ಗುಂಡಿ ಕಿತ್ತುಹೋಗಿದೆ ಎಂದು ಬಂದ. ನಾಲ್ಕು ತಿಂಗಳಲ್ಲಿ ಆ ಮನುಷ್ಯನ ಅಂಗಿಗಳಲ್ಲಿ ಒಂದಾದರೂ ಗುಂಡಿ ಗಟ್ಟಿಯಾಗಿ ಉಳಿದಿದ್ದರೆ ಕೇಳಿ. ಒಂದು ಕಾಲದಲ್ಲಿ ದೋಣಿ ನಡೆಸುತ್ತಿದ್ದ ಅವಳ ಅಪ್ಪ, ಅವನು ಬಂದ ಕೂಡಲೇ ಕೆಮ್ಮುತ್ತ ಹಿತ್ತಲಿಗೆ ಹೋಗುವುದನ್ನು ಕಲಿತಿದ್ದ.

ಇವನು ಯಾವತ್ತು ಬಾಯಿ ಬಿಡುತ್ತಾನೋ... ಅವಳು ಕಾಯುತ್ತಿದ್ದಳು.

ಅವನಿಗಿಂತ ಮೊದಲು ನಕ್ಷೆ ಬಾಯಿ ಬಿಟ್ಟಿತು.

ಪುರಸಭೆಯ ಗೋಡೆಗೆ ಅದನ್ನು ಅಂಟಿಸಿದ ಬೆಳಿಗ್ಗೆ ಅವಳೂ ಗುಂಪಿನಲ್ಲಿ ನುಗ್ಗಿ ನೋಡಿದಳು. ತಡೆಗೋಡೆ ಅವಳ ಬೀದಿಯ ಹಿಂದೆ ಹಾದುಹೋಗಿತ್ತು. ಹದಿನೆಂಟು ಮನೆಗಳೂ ಗೋಡೆಯ ಆಚೆ, ನದಿಯ ಪಾಲು. ಎಲ್ಲವನ್ನೂ ಕೆಡವಬೇಕು.

"ನಿಮಗೆ ಗೊತ್ತಿತ್ತಾ?" ಅವನು ಮನೆಗೆ ಬಂದ ಕೂಡಲೇ ಕೇಳಿದಳು.

"ಮೂರು ವಾರದಿಂದ." ಅವನ ತಲೆ ತಗ್ಗಿತ್ತು. "ಅಷ್ಟು ನೀರು ಬರೋ ಕಡೆ ದಡದಲ್ಲೇ ಗೋಡೆ ಕಟ್ಟಿದ್ರೆ ನಿಲ್ಲಲ್ಲ. ಅದು ಒಡೆದ್ರೆ ಇಡೀ ಊರು ಹೋಗತ್ತೆ."

"ನಾನು ಅದನ್ನ ಕೇಳ್ತಿಲ್ಲ. ಮೂರು ವಾರ ನನ್ನೆದುರು ಕೂತು ಚಹಾ ಕುಡಿದ್ರಲ್ಲ..."

"ಹೇಳೋಕೆ ಧೈರ್ಯ ಬರಲಿಲ್ಲ."

ಗೆರೆಗೋಸ್ಕರ ಬರುತ್ತಿದ್ದನಾ? ನನಗೋಸ್ಕರ ಅಲ್ಲವಾ? ಅವಳ ಎದೆ ಒಡೆದುಹೋಯಿತು. ಅಂದಿನಿಂದ ಅವನಿಗೆ ಬಾಗಿಲು ಮುಚ್ಚಿತು.

ಆದರೆ ಬೀದಿಯವರು ಬಂದರು. "ಇಡೀ ಬೀದೀಲಿ ಸಾಕ್ಷಿ ಅಂತ ಇರೋದು ನಿಮ್ಮ ಮನೆ ಗೆರೆ ಒಂದೇ ಕಣಮ್ಮ. ಪುರಸಭೆಯವರು ನಕ್ಷೆ ಬಗ್ಗೆ ನಡೆಸೋ ವಿಚಾರಣೇಲಿ ಅದು ತಪ್ಪು ಅಂದುಬಿಡು. ನಮ್ಮ ಮನೆಗಳೂ ಉಳೀತವೆ, ನಿನಗೆ ಮೋಸ ಮಾಡಿದವನಿಗೂ ಬುದ್ಧಿ ಬರತ್ತೆ."

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಗೋಡೆಯ ಗೆರೆಯನ್ನು ನೋಡುತ್ತಿದ್ದ.

ವಿಚಾರಣೆಯ ದಿನ ಅಧಿಕಾರಿ ಕೇಳಿದರು, "ಆ ಗೆರೆ ಸರಿಯಾಗಿದೆಯೇನಮ್ಮ?"

ಒಂದು ಸುಳ್ಳು ಸಾಕಿತ್ತು. ಮನೆ ಉಳಿಯುತ್ತಿತ್ತು, ಅವನ ಮಾನ ಹೋಗುತ್ತಿತ್ತು. ಅವನು ಮೇಜನ್ನೇ ನೋಡುತ್ತ ಕುಳಿತಿದ್ದ. ಸುಳ್ಳು ಹೇಳಬೇಡಿ ಎಂದು ಕಣ್ಣಿನಲ್ಲೂ ಕೇಳಿಕೊಳ್ಳಲಿಲ್ಲ.

"ಸರಿಯಾಗಿದೆ. ಅಮ್ಮ ನನ್ನನ್ನ ಅಟ್ಟಕ್ಕೆ ಹತ್ತಿಸಿದ್ಲು. ಅವಳಿಗೆ ಹತ್ತೋಕೆ ಆಗಲಿಲ್ಲ. ನೀರು ಮೊಣಕಾಲಿಗೆ ಬಂದಿತ್ತು ಅಂದ್ರೆ ನನ್ನಮ್ಮ ಸತ್ತಿದ್ದು ಹೇಗೆ ಸಾರ್?"

ಹಿಂದಿನ ಸಾಲಿನಲ್ಲಿ ಗದ್ದಲವೆದ್ದಿತು. ಪಕ್ಕದ ಮನೆಯ ಅತ್ತೆ ಮುಖ ತಿರುಗಿಸಿಕೊಂಡರು. ಅಪ್ಪ ಮಾತ್ರ ಎದ್ದು ಬಂದು ಮಗಳ ಪಕ್ಕದಲ್ಲಿ ನಿಂತ.

"ಗೆರೆ ಎಳೆದವನು ನಾನು. ಅವಳು ಹೇಳಿದ್ದು ನಿಜ."

ಹೊರಗೆ ಜಗುಲಿಯಲ್ಲಿ ಎಂಜಿನಿಯರ್ ಕಾಯುತ್ತಿದ್ದ. ಕಣ್ಣು ಕೆಂಪಾಗಿತ್ತು.

"ಈ ಕೆಲಸ ಬಿಟ್ಟುಬಿಡ್ತೀನಿ ನಾನು."

"ಬಿಡಬೇಡಿ. ನಿಮ್ಮ ಜಾಗಕ್ಕೆ ಬಂದವನು ಸುಳ್ಳು ನಂಬಿ ಗೋಡೆ ಕಟ್ತಾನೆ."

"ನಾನು ಬರ್ತಿದ್ದದ್ದು ನಿಮಗೋಸ್ಕರ. ಮೊದಲ ದಿನದಿಂದ. ಹೇಳಿಬಿಟ್ರೆ ನಿಮ್ಮನ್ನ ಕಳ್ಕೊತೀನಿ ಅಂತ ಹೆದರಿದೆ... ಪ್ರೀತಿಸ್ತೀನಿ ನಿಮ್ಮನ್ನ."

ಎಷ್ಟು ತಿಂಗಳು ಕಾದಿದ್ದಳು ಈ ಮಾತಿಗೆ. ಬಂದದ್ದು ಈ ದಿನ.

"ನಾನೂ," ಎಂದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ. "ಆದ್ರೂ ನನ್ನ ಮನೆ ಬೀಳತ್ತಲ್ಲ."

ಮೆಟ್ಟಿಲ ಕೆಳಗೆ ಅಪ್ಪ ಕಾಯುತ್ತಿದ್ದ. ಅವಳು ಎರಡು ಮೆಟ್ಟಿಲಿಳಿದು ನಿಂತಳು.

"ಕೆಡವೋ ದಿನ ಬರ್ತೀರಾ?"

"ನಾನು... ಬರಬಹುದಾ?"

"ಅಪ್ಪನ ಕೈ ನಾನು ಹಿಡ್ಕೊಂಡಿರ್ತೀನಿ. ನನ್ನ ಕೈ ಹಿಡ್ಕೊಳ್ಳೋಕೆ ಯಾರೂ ಇರಲ್ಲ."

"ಬರ್ತೀನಿ," ಎಂದ ಅವನು.