ತೂತು ಬಿದ್ದ ಖಾಲಿ ಹಾಳೆ

ತುಂಬಿದ ಸಭೆಯಲ್ಲಿ ಕಾರ್ಯದರ್ಶಿಗಳು ಲಕೋಟೆ ಒಡೆದಾಗ ಒಳಗಿದ್ದದ್ದು ಒಂದು ಖಾಲಿ ಹಾಳೆ. ಅದರಲ್ಲಿರಬೇಕಿದ್ದ ಶಾಸಕರೊಬ್ಬರ ತಿದ್ದುಪಡಿ ಸೂಚನೆ ಮಾಯವಾಗಿತ್ತು! ಲಿಖಿತ ಸೂಚನೆಯಿಲ್ಲದೆ ತಿದ್ದುಪಡಿ ಮಂಡಿಸುವಂತಿಲ್ಲ. ಅರ್ಧ ಗಂಟೆಯಲ್ಲಿ ಮಸೂದೆ ಪಾಸಾಯಿತು.

ನಾನು ಶಾಸನಸಭೆಯ ಗ್ರಂಥಾಲಯದಲ್ಲಿ ಪುಸ್ತಕ ಕಟ್ಟುವವನು. ಆ ಮಸೂದೆಯ ಒಂಬೈನೂರು ಪುಟ ಹೊಲಿದು ನನ್ನ ಬೆರಳಿಗೆ ಬೊಬ್ಬೆ ಎದ್ದಿತ್ತು. ಓದಿದ ಪುಣ್ಯಾತ್ಮರು ಒಬ್ಬರೇ, ಆ ಶಾಸಕರು. ಮಂತ್ರಿಗಳ ಹೊಸ ಅತಿಥಿಗೃಹಕ್ಕೆ, ಅದರ ಕಾರಂಜಿಗೆ ಸುರಿಯುವ ದುಡ್ಡನ್ನು ಆಸ್ಪತ್ರೆಗಳಿಗೆ ಕೊಡಿ ಎಂದು ಒಂದು ತಿಂಗಳಿಂದ ಗಂಟಲು ಹರಿದುಕೊಂಡಿದ್ದರು. ಅವರೆಂದರೆ ನನಗೆ ಪ್ರಾಣ.

ಮಧ್ಯಾಹ್ನ ಟಪಾಲು ಮಾವ ಗ್ರಂಥಾಲಯಕ್ಕೆ ಬಂದರು. ಸೂಚನೆಗಳನ್ನು ಸ್ವೀಕರಿಸುವ ಗುಮಾಸ್ತರು, ಕಚೇರಿಗೆಲ್ಲ ಮಾವ.

"ಅಕ್ಕಾ, ಲಕೋಟೆ ಅಂಟು ಬಿಡಿಸಿ ನಾನೇ ಹಾಳೆ ಬದಲಾಯಿಸಿದೆ ಅಂತಿದ್ದಾರೆ. ನಾಲ್ಕು ಗಂಟೆಗೆ ಅಮಾನತ್ತಿನ ಆದೇಶ ಬರತ್ತಂತೆ. ನಿವೃತ್ತಿಗೆ ಮೂರೇ ತಿಂಗಳು. ಪಿಂಚಣಿಗೂ ಕಲ್ಲು ಬೀಳತ್ತೆ."

ಅಕ್ಕ ಅಂದರೆ ನಮ್ಮ ಗ್ರಂಥಪಾಲಕಿ. ಈ ಕಟ್ಟಡದಲ್ಲಿ ಏನೇ ಕಳೆದರೂ ದೂರು ಮೊದಲು ಅವರ ಮೇಜಿಗೇ ಬರುತ್ತಿತ್ತು. ಅವರು ಕನ್ನಡಕ ಒರೆಸಿಕೊಂಡು, "ಲಕೋಟೆ ತಗೊಂಡಾಗ ಏನೇನ್ ಮಾಡಿದ್ರಿ? ಒಂದೂ ಬಿಡದೆ ಹೇಳಿ" ಎಂದರು.

"ಗಡುವಿನ ಹತ್ತು ಗಂಟೆಗೆ ಐದು ನಿಮಿಷ ಇತ್ತು. ಶಾಸಕರೇ ಕೊನೆಯವರು. ಅವರ ಕಣ್ಣೆದುರೇ ಲಕೋಟೆನ ಯಂತ್ರಕ್ಕಿಟ್ಟು, ಮುದ್ರೆ ಬದಲು ಸಣ್ಣ ತೂತುಗಳಲ್ಲೇ ತಾರೀಖು ಮೂಡೋ ಹಾಗೆ ಒತ್ತಿದೆ. ಕಾರ್ಯದರ್ಶಿಗಳು ಅಲ್ಲೇ ನಿಂತಿದ್ರು, ಯಂತ್ರಕ್ಕೆ ಬೀಗ ಹಾಕಿ ಕೀ ಜೇಬಿಗೆ ಹಾಕ್ಕೊಂಡು ಹೋದ್ರು. ಹನ್ನೊಂದಕ್ಕೆ ಸಭೆ ಶುರುವಾಗೋವರೆಗೆ ಲಕೋಟೆ ನನ್ನ ಪೆಟ್ಟಿಗೇಲಿತ್ತು."

"ಆ ಒಂದು ಗಂಟೆನೇ ನಿಮಗೆ ಮುಳುವಾಯ್ತು," ಎಂದು ನಾನು ಬಾಯಿ ಹಾಕಿದೆ.

"ನೀನು ಸುಮ್ನಿರೋ ಮಾರಾಯ," ಎಂದು ಅಕ್ಕ ಗದರಿದರು.

ಮೂರೂವರೆಗೆ ಎಲ್ಲರೂ ಕಾರ್ಯದರ್ಶಿಗಳ ಕೋಣೆಯಲ್ಲಿ ಸೇರಿದೆವು. ಮೇಜಿನ ಮೇಲೆ ಅಮಾನತ್ತಿನ ಆದೇಶ ಸಹಿಗೆ ಕಾಯುತ್ತಿತ್ತು. ಶಾಸಕರ ಮುಖ ಕೆಂಡವಾಗಿತ್ತು.

"ಸರ್, ಆ ಸೂಚನೆ ಬೇರೆ ಯಾರ ಕೈಗಾದ್ರೂ ಹೋಗಿತ್ತಾ?" ಅಕ್ಕ ಕೇಳಿದರು.

"ಇಲ್ಲಮ್ಮ. ನಾನೇ ಬರೆದೆ, ನಾನೇ ಅಂಟಿಸಿದೆ, ನಾನೇ ತಂದುಕೊಟ್ಟೆ. ನಾನು ಯಾರ ಕಡೆಗೂ ಬೆರಳು ತೋರಿಸಲ್ಲ. ನನ್ನ ಬಾಯಿ ಮುಚ್ಚಿಸಿದ್ರು, ಅಷ್ಟೇ."

ಅಕ್ಕ ಲಕೋಟೆಯನ್ನೂ ಖಾಲಿ ಹಾಳೆಯನ್ನೂ ನನ್ನ ಕೈಗಿತ್ತರು. "ಇಪ್ಪತ್ತು ವರ್ಷದಿಂದ ಕಾಗದ ಚುಚ್ತಿದ್ದೀಯ. ನೋಡಿ ಹೇಳು."

ಹಾಳೆಯನ್ನು ಮೊದಲಿನಂತೆ ಮಡಿಸಿ ಲಕೋಟೆಯೊಳಗೆ ತೂರಿಸಿ ಕಿಟಕಿಗೆ ಹಿಡಿದೆ. ತಾರೀಖಿನ ಪ್ರತಿ ತೂತಿನಲ್ಲೂ ಬೆಳಕು ಆಚೆಯಿಂದ ಈಚೆಗೆ ನೇರ ಬಂತು.

"ಎರಡಕ್ಕೂ ಒಟ್ಟಿಗೇ ತೂತು ಬಿದ್ದಿದೆ," ಎಂದೆ.

"ಅಂದ್ರೆ ಯಂತ್ರಕ್ಕಿಟ್ಟಾಗಲೇ ಒಳಗಿದ್ದದ್ದು ಈ ಖಾಲಿ ಹಾಳೆ. ಮಾವ ಆಮೇಲೆ ಬದಲಾಯಿಸಿದ್ರೆ ಹಾಳೇಲಿ ತೂತು ಇರ್ತಿರಲಿಲ್ಲ," ಎಂದರು ಅಕ್ಕ.

"ಇವರೇ ಆಮೇಲೆ ತೂತು ಹಾಕಿರಬಹುದಲ್ಲ?" ಕಾರ್ಯದರ್ಶಿಗಳು ಕೇಳಿದರು.

"ಹೇಗೆ ಸ್ವಾಮಿ? ಕೀ ನಿಮ್ಮ ಜೇಬಲ್ಲಿತ್ತು. ಅದಕ್ಕೆ ಮುಂಚೆ ಲಕೋಟೆ ಮುಟ್ಟಿದವರು ಒಬ್ಬರೇ. ಅದನ್ನ ಅವರೇ ಈಗ ಹೇಳಿದ್ರು."

ಶಾಸಕರು ಕುರ್ಚಿಯಲ್ಲಿ ಕುಸಿದರು. "ಸೂಚನೆ ಕೈಬಿಟ್ಟರೆ ನಮ್ಮೂರ ಸೇತುವೆನ ಈ ವರ್ಷದ ಕಾಮಗಾರಿ ಪಟ್ಟಿಗೆ ಸೇರಿಸ್ತೀನಿ ಅಂತ ಮಂತ್ರಿಗಳು ಮಾತು ಕೊಟ್ಟಿದ್ರು. ನಮ್ಮ ಜನ ಇನ್ನೂ ದೋಣೀಲಿ ಆಸ್ಪತ್ರೆಗೆ ಹೋಗ್ತಾರಮ್ಮ. ಆದ್ರೆ ಇಷ್ಟು ಕೂಗಾಡಿದ ಮೇಲೆ ಕೈಬಿಟ್ಟೆ ಅಂತ ಯಾವ ಮುಖ ಇಟ್ಕೊಂಡು ಹೇಳಲಿ? ಕಳೆದುಹೋಯ್ತು ಅಂತ ಸುಮ್ನಾಗ್ತಾರೆ ಅಂದ್ಕೊಂಡಿದ್ದೆ."

"ಮಾವನ ತಲೆ ಮೇಲೆ ಬಂದಾಗಲಾದ್ರೂ ಹೇಳಬಹುದಿತ್ತಲ್ಲ!" ನಾನು ಕಿರುಚಿಯೇಬಿಟ್ಟೆ. ನನಗೆ ಅಳುವೇ ಬಂದಿತ್ತು. ಅಕ್ಕ ಈ ಸಲ ನನ್ನನ್ನು ಗದರಲಿಲ್ಲ.

ಶಾಸಕರು ತಪ್ಪೊಪ್ಪಿಗೆ ಬರೆದುಕೊಟ್ಟರು. ಕಾರ್ಯದರ್ಶಿಗಳು ಆದೇಶವನ್ನು ಹರಿದುಹಾಕಿದರು. ಸಂಜೆ ಪಟ್ಟಿ ಹೊರಬಿತ್ತು. ಅದರಲ್ಲಿ ಕಾರಂಜಿ ಇತ್ತು, ಸೇತುವೆ ಇರಲಿಲ್ಲ.

ಮುಂದಿನ ತಿಂಗಳು ಶಾಸಕರು ಮತ್ತೊಂದು ಲಕೋಟೆ ಹಿಡಿದು ಬಂದರು, ಸೇತುವೆಯ ಬಗ್ಗೆ. ಮಾವ ಅದನ್ನು ಯಂತ್ರಕ್ಕಿಡಲಿಲ್ಲ.

"ಬಿಚ್ಚಿ ತೋರಿಸಿ, ಸರ್," ಎಂದರು.

ಶಾಸಕರು ತಲೆ ತಗ್ಗಿಸಿ ಬಿಚ್ಚಿದರು. ಹಿಂದೆ ಸಾಲಿನಲ್ಲಿ ಎಂಟು ಜನ ಕಾಯುತ್ತಿದ್ದರು. ಮಾವ ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೆ ಪೂರ್ತಿ ಓದಿ, ಆಮೇಲೆ ತೂತು ಒತ್ತಿದರು.